ಅರವತ್ತು ಹೂವಿನ ಆರ್ಡರು

ದೀಪಾವಳಿ ಹೊಲಿಗೆ ಮುಗಿದು ಅಂಗಡಿ ಖಾಲಿ ಇತ್ತು.
ಸುಭೇದಾರ ಧಾಮಣೇಕರ ಬಂದು
ಕತ್ತರಿ ಸರಿಸಿ ಒಂದು ಚಿತ್ರ ಇಟ್ಟರು:
ನಾಲ್ಕು ಕೆಂಪು ಎಸಳು, ನಡುವ ಕರೀ ಗುಂಡಿ.
"ಇಂಥಾವು ಅರವತ್ತು ಬೇಕು ಮಾಸ್ತರ,
ನವೆಂಬರ್ ಹನ್ನೊಂದಕ್ಕ. ಪಿನ್ನು ನಮ್ಮ ಕಡೆ ಅದಾವ."
ಯಾವ ಹೂವು ಅಂತ ಕೇಳಿದೆ.
ಪಾಪ್ಪಿ ಅಂದರು.
ತಲೆ ಆಡಿಸಿದೆ.
ತಿಳೀದಿದ್ದಾಗ ಟೇಲರು ಹಂಗೇ ಆಡಿಸೋದು.

ರಾತ್ರಿ ಇಂದೂ ಚಿತ್ರ ನೋಡಿ
"ಅಯ್ಯ, ಗಸಗಸಿ ಹೂವಲ್ಲೇನ್ರಿ ಇದು" ಅಂದಳು.
ಅನರಸಿ ಮ್ಯಾಲೆ ಉದುರಿಸಿ ಉಳಿದದ್ದನ್ನ
ಡಬ್ಬಿಯಿಂದ ಒಂದು ಚಿಟಿಕೆ ತೆಗೆದು
ನನ್ನ ಅಂಗೈಯಾಗ ಹಾಕಿದಳು.
ಬೆಳ್ಳಗ. ಉಸಿರು ಬಿಟ್ಟರ ಹಾರಿಹೋಗುವಷ್ಟು.
ಇಷ್ಟರೊಳಗ ಅಷ್ಟು ಕೆಂಪು
ಎಲ್ಲಿ ಮಡಚಿ ಇಟ್ಟಾರು?

"ಗಸಗಸಿ ಅಲ್ಲ, ಅದರ ಕಾಡು ತಂಗಿ"
ಅಂದರು ಮರುದಿನ ಸುಭೇದಾರರು.
ಫ್ರಾನ್ಸಿನ ಹೊಲದಾಗ ರಂಟಿ ಹೊಡದದ್ದು ತೋಪು.
ಬಿತ್ತಿದವರು ಯಾರೂ ಇಲ್ಲ.
ಎಷ್ಟೋ ವರ್ಷ ಮಣ್ಣಾಗ ಮಲಗಿದ್ದ ಬೀಜ
ಬೆಳಕು ಬಿದ್ದದ್ದಕ್ಕ ಎದ್ದು ಬಂತು, ಅಷ್ಟ.

ನಾ ಆ ನೆಲ ನೋಡಿಲ್ಲ. ನನಗ ಗೊತ್ತಿದ್ದದ್ದು
ಬೈಲಹೊಂಗಲದ ಎರಿ ಹೊಲ, ಅಜ್ಜಿ ಊರು.
ಜ್ವಾಳದ ಸುತ್ತ ಕುಸುಬಿ ಬಿತ್ತತಾರ, ದನ ಒಳಗ ಬರಬಾರದಂತ.
ಮೈತುಂಬ ಮುಳ್ಳು, ತಲಿಮ್ಯಾಲೆ ಹಳದಿ ಹೂವು.
ಒಣಗಲಿಕ್ಕೆ ಹತ್ತಿದ ಮ್ಯಾಲೆನ
ಅದು ಕೆಂಪಾಗೋದು.

ಕೆಂಪು ಸಾಟಿನ್ ಕತ್ತರಿಸಿದೆ.
ಕ್ಯಾಂಪಿನಾಗ ಮೂವತ್ತೊಂದು ವರ್ಷ ವರ್ದಿ ಹೊಲಿದಾಂವ,
ಎಡಗಡೆ ಎದಿ ನನಗ ಕಣ್ಣು ಮುಚ್ಚಿದರೂ ಗೊತ್ತು.
ಕಿಸೆ ಎಷ್ಟು ಕೆಳಗ, ರಿಬ್ಬನ್ನು ಎಷ್ಟು ಮ್ಯಾಲ.
ಒಮ್ಮೆ ಕಾಕತಿಯಿಂದ ಒಬ್ಬಾಕಿ ಬಂದಿದ್ದಳು,
ಗಂಡನ ಅಂಗಿ ಮಗನ ಅಳತಿಗೆ ಇಳಸ್ರಿ ಅಂತ.
ಹೆಸರಿನ ಪಟ್ಟಿ ಬಿಚ್ಚಿದೆ.
ಅಂಗಿಯೆಲ್ಲಾ ಮಾಸಿ ಬೂದಿ ಆಗಿತ್ತು,
ಪಟ್ಟಿ ಇದ್ದಷ್ಟು ಜಾಗದಾಗ ಮಾತ್ರ
ಬಿಸಿಲು ಕಾಣದ ಹಸಿರು, ಹೊಸಾದು.
ಅದರ ಮ್ಯಾಲೆ ಕಿಸೆ ಎತ್ತಿ ಹೊಲೀತೀನಿ ಅಂದೆ.
"ಮುಚ್ಚಬ್ಯಾಡ್ರಿ" ಅಂದಳು.

ನಮ್ಮ ಮನಿತನದಾಗೂ ಒಬ್ಬ ಇದ್ದ,
ಮುತ್ತಜ್ಜನ ತಮ್ಮ ರಖಮಾಜಿ. ಸಿಪಾಯಿ ಅಲ್ಲ,
ಬಸ್ರಾದಾಗ ಹೇಸರಗತ್ತಿ ಹೊಡಿಯಾಂವ.
ಕತ್ತಿಗೆಲ್ಲಾ ಗೊರಸಿನ ಮ್ಯಾಲೆ ನಂಬರ ಇತ್ತಂತ,
ಇವನ ನಂಬರ ಯಾವ ಕಲ್ಲಿನಾಗೂ ಇಲ್ಲ.
ಸತ್ತ ಸುದ್ದಿ ಬಂದಿಲ್ಲಂತ
ಅವನ ಹೆಂಡತಿ ಕೊನೀತನಕ ಕುಂಕುಮ ಅಳಿಸಲಿಲ್ಲ.
ದಿನಾ ಮುಂಜಾನೆ, ಕನ್ನಡಿ ಮುಂದ, ಬಟ್ಟಲಷ್ಟು.
ಊರವರು ನಕ್ಕರು, ಆಮ್ಯಾಲೆ ನಗೋದು ಬಿಟ್ಟರು.
ಹೊಲೀತಾ ಹೊಲೀತಾ ಅದ ತಲ್ಯಾಗ:
ಇವರು ಕೆಂಪು ಹಚ್ಚೋದು ಸತ್ತಾರಂತ,
ಆಕಿ ಹಚ್ಚಿದ್ದು ಸತ್ತಿಲ್ಲಂತ.
ಎರಡಕ್ಕೂ ಒಂದ ಬಣ್ಣ ಸಾಕಾಯ್ತಲ್ಲ.

ಮೂವತ್ತನೇದಕ್ಕ ಸೂಜಿ ಮುರೀತು.
ನಲವತ್ತರ ಮ್ಯಾಲೆ ಕೈ ತಾನ ಹೊಲೀತು,
ನಾನು ಯಾರನ್ನೂ ನೆನಸಲಿಲ್ಲ. ಹೊಟ್ಟಿ ಹಸಿದಿತ್ತು.
ಲೆಕ್ಕ ಹಾಕಿದರ ಅರವತ್ತೊಂದು.
ತಪ್ಪಿ ಆಯ್ತೋ, ಮಾಡಿದೆನೋ.

ಸುಭೇದಾರರು ಎಣಿಸಿ ತಗೊಂಡರು.
ನಾನು ರೊಕ್ಕ ತಗೊಂಡೆ, ಸುಳ್ಳ ಯಾಕ ಹೇಳಲಿ,
ಸಾಟಿನ್ನೂ ಹೆಚ್ಚಾಗ್ಯದ, ಬಾಡಗಿನೂ.
ಉಳಿದದ್ದನ್ನ ನೋಡಿ, ಏನೂ ಕೇಳದ
ಅವರ ಕೈಯಿಂದನ ನನಗ ಚುಚ್ಚಿದರು.
ಬೆರಳು ನಡುಗತಿದ್ದವು. ಎದುರು ನಿಂತ ಗಡಿಬಿಡಿಗೆ
ಬಲಗಡೆ ಚುಚ್ಚಿದರು.
ಮೂವತ್ತೊಂದು ವರ್ಷದ ಟೇಲರು ನಾನು
ಸರಿ ಮಾಡಲಿಲ್ಲ.

ದಿನವಿಡೀ ಗಿರಾಕಿಗಳು ಕೇಳಿದರು:
ಯಾವ ಪಕ್ಷದ್ದ್ರಿ? ಯಾರ ಲಗ್ನ?
ಒಬ್ಬೊಬ್ಬರಿಗೆ ಒಂದೊಂದು ಹೇಳಿದೆ.
ಒಬ್ಬ ಹುಡುಗನಿಗೆ ಮಾತ್ರ ರಖಮಾಜಿ ಅಂದೆ.
"ಯಾರು ಅವನು?" ಅಂದ.
ನೂರು ವರ್ಷದ ಮ್ಯಾಲೆ
ಯಾರೋ ಕೇಳಿದಂಗ ಆಯ್ತು.

ಸಂಜಿಗೆ ತೆಗೆದಿಟ್ಟೆ. ಅಂಗಿಯಾಗ ಎರಡು ಸಣ್ಣ ತೂತು.
ಇಂದೂ ಆ ಹೂವನ್ನ
ಗಸಗಸಿ ಡಬ್ಬಿಯ ಮುಚ್ಚಳಕ್ಕ ಸಿಗಿಸ್ಯಾಳ.
ಮುಂದಿನ ವರ್ಷ ಅನರಸಿಗೆ
ಅದನ್ನ ತೆಗೆದ ಡಬ್ಬಿ ತೆರೀಬೇಕು.